ಹೊಲಗಳ ನಡುವಿನ ಸಂತ ಮಾರ್ಟಿನ್

ಲಂಡನ್ನಿನ ಟ್ರಫಾಲ್ಗರ್ ಚೌಕದ ಈಶಾನ್ಯ ಮೂಲೆಯಲ್ಲಿ ಬಿಳಿಗಲ್ಲಿನ ಚರ್ಚೊಂದಿದೆ. 'ಹೊಲಗಳ ನಡುವಿನ ಸಂತ ಮಾರ್ಟಿನ್' ಎಂದು ಅದರ ಹೆಸರು. ಈಗ ಅಲ್ಲಿ ಹೊಲವೂ ಇಲ್ಲ, ಹಸುರೂ ಇಲ್ಲ. ಲಂಡನ್ ಮತ್ತು ವೆಸ್ಟ್‌ಮಿನ್‌ಸ್ಟರ್ ಎರಡು ಬೇರೆ ಊರುಗಳಾಗಿದ್ದಾಗ ನಡುವೆ ಇದ್ದ ಬಯಲು ಅಳಿದುಹೋಗಿ, ಹೆಸರು ಮಾತ್ರ ಉಳಿದಿದೆ. ಅದರ ಮುಂದೆ ಮೊದಲ ಸಲ ನಿಂತಾಗ, ಈ ಕಟ್ಟಡವನ್ನು ಹಿಂದೆಲ್ಲಿಯೋ ಕಂಡಿದ್ದೇನೆಂದು ನನಗೆ ತೋರಿತು. ಆ ಭಾವನೆ ಭ್ರಮೆಯಾಗಿರಲಿಲ್ಲ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಶಿಥಿಲವಾಗಿದ್ದ ಹಳೆಯ ಚರ್ಚನ್ನು ಕೆಡವಿ, ೧೭೨೨ರಿಂದ ೧೭೨೬ರ ವರೆಗೆ ಇದನ್ನು ಕಟ್ಟಲಾಯಿತು. ಶಿಲ್ಪಿ ಜೇಮ್ಸ್ ಗಿಬ್ಸ್ ಸ್ಕಾಟ್ಲೆಂಡಿನವನು. ರೋಮಿನಲ್ಲಿ ಕಾರ್ಲೊ ಫಾಂಟಾನನ ಬಳಿ ವಾಸ್ತುವಿದ್ಯೆ ಕಲಿತವನು. ಅಲ್ಲಿ ಕಲಿತದ್ದನ್ನು ಇಲ್ಲಿ ಮರೆಯಲಿಲ್ಲ. ಮುಂಭಾಗದಲ್ಲಿ ಆರು ಕೊರಿಂಥಿಯನ್ ಕಂಬಗಳ ಮುಖಮಂಟಪ. ಅದರ ಮೇಲೆ ತ್ರಿಕೋಣಾಕಾರದ ಲಲಾಟ. ಇಷ್ಟೇ ಆಗಿದ್ದರೆ ಅದು ಪ್ರಾಚೀನ ರೋಮಿನ ದೇಗುಲವೆನಿಸುತ್ತಿತ್ತು. ಆದರೆ ಮಂಟಪದ ಹಿಂದಿನಿಂದ, ಛಾವಣಿಯನ್ನು ಸೀಳಿ ಬಂದಂತೆ, ೧೯೨ ಅಡಿ ಎತ್ತರದ ಶಿಖರವೊಂದು ಏಳುತ್ತದೆ. ದೇಗುಲದ ಬೆನ್ನ ಮೇಲೆ ಶಿಖರವನ್ನು ಕೂರಿಸುವುದು ಅಸಂಗತವೆಂದು ವಿಮರ್ಶಕರು ಆಕ್ಷೇಪಿಸಿದ್ದುಂಟು. ಹತ್ತಿರದಿಂದ ನೋಡುವವನಿಗೆ ಆ ಆಕ್ಷೇಪ ನಿಜವೆನಿಸುತ್ತದೆ. ಚೌಕದ ಆಚೆಗೆ ಸರಿದು ನೋಡಿದರೆ ಕಣ್ಣು ತಾನಾಗಿಯೇ ಒಪ್ಪಿಕೊಳ್ಳುತ್ತದೆ.

ಒಳಗೆ ಕಾಲಿಟ್ಟವನನ್ನು ಮೊದಲು ಎದುರುಗೊಳ್ಳುವುದು ಬೆಳಕು. ಮಧ್ಯಯುಗದ ಚರ್ಚುಗಳ ಮಬ್ಬು ಇಲ್ಲಿಲ್ಲ. ಎರಡು ಸಾಲು ಕಂಬಗಳು, ಎರಡು ಪಕ್ಕಗಳಲ್ಲಿ ಉಪ್ಪರಿಗೆಗಳು, ಮೇಲೆ ತಗ್ಗಾದ ಕಮಾನಿನ ಛಾವಣಿ. ಆ ಛಾವಣಿಯ ಗಾರೆಯ ಅಲಂಕಾರ ಆರ್ಟಾರಿ ಮತ್ತು ಬಗುಟ್ಟಿ ಎಂಬ ಇಬ್ಬರು ಕುಶಲಿಗಳ ಕೈಕೆಲಸ. ಈ ವಿನ್ಯಾಸ ಕೇವಲ ಸೊಗಸಿಗಾಗಿ ಹುಟ್ಟಿದ್ದಲ್ಲ. ಪ್ರಾಟೆಸ್ಟೆಂಟ್ ಆರಾಧನೆಯಲ್ಲಿ ಉಪದೇಶಕ್ಕೆ ಪ್ರಧಾನ ಸ್ಥಾನ. ಪಾದ್ರಿಯ ಮಾತು ಎಲ್ಲರ ಕಿವಿಗೂ ಬೀಳಬೇಕು; ಕೈಯಲ್ಲಿರುವ ಪ್ರಾರ್ಥನಾಗ್ರಂಥ ಎಲ್ಲರ ಕಣ್ಣಿಗೂ ಕಾಣಬೇಕು. ಉಪ್ಪರಿಗೆಗಳೂ ದೊಡ್ಡ ಕಿಟಕಿಗಳೂ ಆ ಅಗತ್ಯದಿಂದ ಬಂದವು.

ಆದರೆ ಆ ಬೆಳಕು ಬಿದ್ದ ಪೀಠಗಳು ಸಮಾನವಾಗಿರಲಿಲ್ಲ. ವೇದಿಕೆಯ ಕಮಾನಿನ ಮೇಲೆ ರಾಜಲಾಂಛನವಿದೆ. ವೇದಿಕೆಯ ಒಂದು ಪಕ್ಕದ ಎತ್ತರದಲ್ಲಿ ರಾಜಮನೆತನದವರ ಆಸನ; ಇನ್ನೊಂದು ಪಕ್ಕದಲ್ಲಿ ನೌಕಾಡಳಿತದವರ ಆಸನ. ದೊರೆ ಒಂದನೆಯ ಜಾರ್ಜನು ಸ್ವತಃ ಈ ಚರ್ಚಿನ ವಾರ್ಡನ್ ಆಗಿದ್ದವನು. ಹಣ ತೆತ್ತು ಪೀಠಗಳನ್ನು ಬಾಡಿಗೆಗೆ ಹಿಡಿಯುವ ಪದ್ಧತಿಯೂ ಆ ಕಾಲದ ಇಂಗ್ಲೆಂಡಿನ ಚರ್ಚುಗಳಲ್ಲಿತ್ತು. ದೇವರ ಮನೆಯಲ್ಲಿಯೂ ಮನುಷ್ಯನು ತನ್ನ ಅಂತಸ್ತನ್ನು ಹೊಸ್ತಿಲಾಚೆ ಬಿಟ್ಟುಬರಲಿಲ್ಲ. ಹಾಗಾದರೆ ಈ ಸೌಂದರ್ಯ ಯಾರಿಗಾಗಿ? ಆ ಸುಂದರ ಛಾವಣಿಯ ಕೆಳಗೆ ಕುಳಿತಿದ್ದಾಗ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಉತ್ತರ ಕಲ್ಲಿನಲ್ಲಿ ಸಿಗಲಿಲ್ಲ, ಚರಿತ್ರೆಯಲ್ಲಿ ಸಿಕ್ಕಿತು. ೧೯೧೪ರಲ್ಲಿ ಡಿಕ್ ಶೆಪರ್ಡ್ ಎಂಬ ಪಾದ್ರಿ ಇಲ್ಲಿಗೆ ಬಂದರು. ಅದು ಮೊದಲನೆಯ ಮಹಾಯುದ್ಧದ ಕಾಲ. ಹತ್ತಿರದ ಚೇರಿಂಗ್ ಕ್ರಾಸ್ ನಿಲ್ದಾಣದ ಮೂಲಕ ಸಿಪಾಯಿಗಳು ಫ್ರಾನ್ಸಿನ ರಣರಂಗಕ್ಕೆ ಹೋಗಿಬರುತ್ತಿದ್ದರು. ಶೆಪರ್ಡರು ಚರ್ಚಿನ ಬಾಗಿಲನ್ನು ರಾತ್ರಿಯೂ ತೆರೆದಿಟ್ಟರು. ದಣಿದ ಸಿಪಾಯಿಗೂ ನೆಲೆಯಿಲ್ಲದ ಬಡವನಿಗೂ ಅಲ್ಲಿ ಆಸರೆ ದೊರೆಯಿತು. ನಿರ್ಗತಿಕರ ಸೇವೆ ಅಲ್ಲಿ ಇಂದಿಗೂ ನಿಂತಿಲ್ಲ. ದೊರೆಗಾಗಿ ಆಸನ ಮಾಡಿಟ್ಟ ಮಂದಿರ ದಾರಿಹೋಕನಿಗೆ ಮನೆಯಾಯಿತು. ಅದಕ್ಕಾಗಿ ಕಟ್ಟಡದ ಒಂದು ಕಲ್ಲನ್ನೂ ಕದಲಿಸಬೇಕಾಗಲಿಲ್ಲ.

ಇನ್ನು ನನ್ನ ಆ ಪೂರ್ವಪರಿಚಯದ ಮಾತು. ಗಿಬ್ಸನು ೧೭೨೮ರಲ್ಲಿ ತನ್ನ ವಿನ್ಯಾಸಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಹೆಚ್ಚು ವೆಚ್ಚದ್ದೆಂದು ತಿರಸ್ಕೃತವಾಗಿದ್ದ ವೃತ್ತಾಕಾರದ ಚರ್ಚಿನ ನಕ್ಷೆಯೂ ಅದರಲ್ಲಿತ್ತು. ಆ ಪುಸ್ತಕ ಸಮುದ್ರಗಳನ್ನು ದಾಟಿತು. ಮದರಾಸಿನ ಎಗ್ಮೋರಿನಲ್ಲಿ ೧೮೨೧ರಲ್ಲಿ ಮುಗಿದ ಸಂತ ಆಂಡ್ರೂಸ್ ಚರ್ಚಿಗೆ ಅದೇ ಮುಖಮಂಟಪ, ಅದೇ ಬಗೆಯ ಶಿಖರ. ಒಳಗೆ ಮಾತ್ರ ವೃತ್ತಾಕಾರ, ಮೇಲೆ ಗುಮ್ಮಟ. ಲಂಡನ್ ಒಲ್ಲದ ಕನಸು ಮದರಾಸಿನ ಜೌಗುನೆಲದಲ್ಲಿ, ಇಟ್ಟಿಗೆಯ ಬಾವಿಗಳ ಅಸ್ತಿಭಾರದ ಮೇಲೆ ನನಸಾಯಿತು. ಅದನ್ನು ಕಟ್ಟಿದ ತಾಮಸ್ ಡಿ ಹ್ಯಾವಿಲೆಂಡ್ ನಮಗೆ ಅಪರಿಚಿತನಲ್ಲ. ಕಾವೇರಿಗೆ ಸೇತುವೆ ಕಟ್ಟಬಹುದೆಂದು ತೋರಿಸಲು ೧೮೦೮ರಲ್ಲಿ ಶ್ರೀರಂಗಪಟ್ಟಣದಲ್ಲಿ ೧೧೨ ಅಡಿ ಅಗಲದ ಇಟ್ಟಿಗೆಯ ಕಮಾನನ್ನು ನಿಲ್ಲಿಸಿದವನು ಅವನೇ. ಆ ಕಮಾನು ಈಗಿಲ್ಲ. ಮದರಾಸಿನ ಚರ್ಚು ಉಳಿದಿದೆ.

ಎರಡನೆಯ ಮಹಾಯುದ್ಧದಲ್ಲಿ ಸಂತ ಮಾರ್ಟಿನ್ ಚರ್ಚಿನ ಪೂರ್ವದ ಕಿಟಕಿಯ ಗಾಜು ನಾಶವಾಯಿತು. ೨೦೦೮ರಲ್ಲಿ ಅಲ್ಲಿಗೆ ಹೊಸ ಕಿಟಕಿ ಬಂತು. ಅದನ್ನು ರಚಿಸಿದವರು ಇರಾನಿನಲ್ಲಿ ಹುಟ್ಟಿದ ಕಲಾವಿದೆ ಶಿರಾಜೆ ಹೌಷಿಯಾರಿ ಮತ್ತು ಪಿಪ್ ಹಾರ್ನ್. ಅದರಲ್ಲಿ ಬಣ್ಣವಿಲ್ಲ, ಸಂತರ ಚಿತ್ರಗಳಿಲ್ಲ. ನೀರಿನಲ್ಲಿ ಅಲುಗುವ ಬಿಂಬದಂತೆ ಬಾಗಿದ ಗೆರೆಗಳು ಮಾತ್ರ. ಆ ಗೆರೆಗಳ ನಡುವೆ ಶಿಲುಬೆ ಮೆಲ್ಲನೆ ಗೋಚರಿಸುತ್ತದೆ. ಅಲ್ಲಿಂದ ಇಳಿಯುವ ಬೆಳಕು ದೊರೆಯ ಆಸನದ ಮೇಲೂ ಬೀಳುತ್ತದೆ, ಹಿಂದಿನ ಸಾಲಿನ ಪೀಠದ ಮೇಲೂ ಬೀಳುತ್ತದೆ. ನಾನು ಕುಳಿತದ್ದು ಹಿಂದಿನ ಸಾಲಿನಲ್ಲಿ. ಎದ್ದು ಬರಲು ಬಹಳ ಹೊತ್ತು ಮನಸ್ಸಾಗಲಿಲ್ಲ.