ಕಾರಿನ ಕಿಟಕಿಗೇ ಕಾಫಿ: ಬಳೆ ಅಡವಿಡುವ ಮುನ್ನ ರಸ್ತೆ ನೋಡಿ

ಮಕ್ಕಳು ದೊಡ್ಡವರಾದರು. ಬೆಳಿಗ್ಗೆ ಡಬ್ಬಿ ಕಟ್ಟಿ ಎಲ್ಲರನ್ನೂ ಕಳಿಸಿದ ಮೇಲೆ ಮನೆ ಬಿಕೋ ಅನ್ನುತ್ತದೆ. 'ನಿಮ್ಮ ಕೈ ಕಾಫಿ ಕುಡಿದ ಮೇಲೆ ಹೋಟೆಲ್ ಕಾಫಿ ರುಚಿಸೋದೇ ಇಲ್ಲ' ಅಂತ ನೆಂಟರಿಷ್ಟರೆಲ್ಲ ಹೊಗಳಿದ್ದಾರೆ. ಹೀಗಿರುವಾಗ ಊರಿಗೆ ಹೋಗುವ ದಾರಿಯಲ್ಲಿ, ಕಾರಿನಿಂದ ಇಳಿಯದೆಯೇ ಕಿಟಕಿಯಲ್ಲಿ ಕಾಫಿ ಕೊಡುವ ಡ್ರೈವ್-ಥ್ರೂ ಕಾಣಿಸುತ್ತದೆ. ನಾನೂ ಇಂಥದ್ದೊಂದು ಯಾಕೆ ಶುರು ಮಾಡಬಾರದು ಅನ್ನಿಸುವುದು ಸಹಜ, ಅಲ್ವಾ?

ನನ್ನ ಪರಿಚಯದ ಗೃಹಿಣಿಯೊಬ್ಬರಿಗೂ ಹಾಗೇ ಅನ್ನಿಸಿತು. ಮೈಸೂರಿನ ಹೊರವಲಯದ ಮುಖ್ಯರಸ್ತೆಯಲ್ಲಿ ಜಾಗ ಬಾಡಿಗೆಗೆ ಹಿಡಿದರು. ತವರಿನವರು ಹಾಕಿದ ನಾಲ್ಕು ಬಳೆ ಅಡವಿಟ್ಟು ಮೆಷಿನು, ಬೋರ್ಡು, ಶೀಟು ಎಲ್ಲ ಮಾಡಿಸಿದರು. ಕಾಫಿ ಬಹಳ ಚೆನ್ನಾಗಿತ್ತು. ಆದರೂ ಎಂಟನೇ ತಿಂಗಳಿಗೆ ಬಾಗಿಲು ಹಾಕಬೇಕಾಯಿತು. ಕಾರಣ ಇಷ್ಟೇ: ಬೆಳಿಗ್ಗೆ ಆಫೀಸಿಗೆ ಹೋಗುವ ವಾಹನಗಳೆಲ್ಲ ರಸ್ತೆಯ ಆ ಬದಿಯಲ್ಲಿ, ಇವರ ಕಿಟಕಿ ಈ ಬದಿಯಲ್ಲಿ. ಮಧ್ಯೆ ಡಿವೈಡರ್! ಒಂದು ಕಾಫಿಗೋಸ್ಕರ ಯೂ-ಟರ್ನ್ ಹೊಡೆದು ಬರುವವರು ಯಾರು? ಸಂಜೆ ಈ ಬದಿಯಲ್ಲಿ ಬರುವವರಿಗೋ ಮನೆ ಸೇರುವ ಆತುರ.

ಈ ವ್ಯಾಪಾರದಲ್ಲಿ ರುಚಿ ಎರಡನೆಯದು. ನೀವು ಮೊದಲು ಮಾರುವುದು ಗಿರಾಕಿಯ ಸಮಯವನ್ನು.

ಇಳಿಯಲಾಗದವರಿಗಾಗಿ ಹುಟ್ಟಿದ್ದು

ಡ್ರೈವ್-ಥ್ರೂ ಹುಟ್ಟಿದ್ದು ಅಮೆರಿಕದಲ್ಲಿ. ಇನ್-ಎನ್-ಔಟ್ ಎಂಬ ಬರ್ಗರ್ ಅಂಗಡಿ 1948ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಸ್ಪೀಕರ್ ಮೂಲಕ ಆರ್ಡರ್ ತೆಗೆದುಕೊಳ್ಳುವ ಪದ್ಧತಿ ತಂದಿತು. ಮೆಕ್‌ಡೊನಾಲ್ಡ್ಸ್ ತನ್ನ ಮೊದಲ ಡ್ರೈವ್-ಥ್ರೂ ತೆರೆದಿದ್ದು 1975ರಲ್ಲಿ, ಅರಿಝೋನಾದ ಒಂದು ಸೇನಾ ನೆಲೆಯ ಪಕ್ಕ. ಅಲ್ಲಿನ ಸೈನಿಕರು ಡ್ಯೂಟಿಯ ಉಡುಪಿನಲ್ಲಿ ಹೊರಗೆ ಕಾರಿನಿಂದ ಇಳಿಯುವಂತಿರಲಿಲ್ಲ. ಅಂಗಡಿಯೇ ಕಾರಿನ ಹತ್ತಿರ ಬಂತು!

ಡಚ್ ಬ್ರದರ್ಸ್ ಕಥೆ ನಮಗೆ ಇನ್ನೂ ಹತ್ತಿರದ್ದು. ಆರೆಗನ್ ರಾಜ್ಯದ ಹೈನುಗಾರಿಕೆ ಕುಟುಂಬದ ಅಣ್ಣತಮ್ಮಂದಿರಿಬ್ಬರು 1992ರಲ್ಲಿ ಒಂದು ಕಾಫಿ ಮೆಷಿನ್ ಕೊಂಡು ತಳ್ಳುಗಾಡಿಯಲ್ಲಿ ಕಾಫಿ ಮಾರಲು ಶುರು ಮಾಡಿದರು. ಇಂದು ಅದು ಅಮೆರಿಕದ ದೊಡ್ಡ ಡ್ರೈವ್-ಥ್ರೂ ಕಾಫಿ ಕಂಪನಿಗಳಲ್ಲಿ ಒಂದು. ಅವರು ಮೊದಲ ದಿನವೇ ಕಟ್ಟಡ ಕಟ್ಟಿಸಲಿಲ್ಲ ಅನ್ನುವುದನ್ನು ಗಮನಿಸಿ.

ನಮ್ಮವರಿಗೂ ಇದು ಹೊಸದಲ್ಲ. ಉಡುಪಿ ಕಡೆಯ ಕೆ. ಕೃಷ್ಣರಾಯರು 1962ರಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ತೆರೆದಿದ್ದರು. ಅಲ್ಲಿ ಕಾರಿನಲ್ಲೇ ಕೂತು ತಿಂಡಿ ತಿನ್ನಬಹುದಿತ್ತು. ಅಷ್ಟು ಹೆಸರು ಮಾಡಿದ ಹೋಟೆಲ್ 2008ರಲ್ಲಿ ಮುಚ್ಚಿತು. ರುಚಿ ಕೆಟ್ಟು ಅಲ್ಲ, ಜಾಗ ಸ್ವಂತದ್ದಾಗಿರಲಿಲ್ಲ, ಅದನ್ನು ಬಿಟ್ಟುಕೊಡಬೇಕಾಯಿತು. ಬಾಡಿಗೆ ಕರಾರಿಗೆ ಸಹಿ ಹಾಕುವಾಗ ಇದು ನೆನಪಿರಲಿ.

ಜಾಗ: ಮೊದಲು ನಿಂತು ಎಣಿಸಿ

ಅಡ್ವಾನ್ಸ್ ಕೊಡುವ ಮೊದಲು ಒಂದು ವಾರ ಆ ರಸ್ತೆಯಲ್ಲಿ ಬೆಳಿಗ್ಗೆ ಏಳೂವರೆಯಿಂದ ಹತ್ತೂವರೆವರೆಗೆ ನಿಂತು ನೋಡಿ. ಕಾರೆಷ್ಟು, ಸ್ಕೂಟರ್ ಎಷ್ಟು, ಯಾವ ಕಡೆಗೆ ಹೋಗುತ್ತವೆ, ಎಲ್ಲ ಬರೆದುಕೊಳ್ಳಿ. ನೂರರಲ್ಲಿ ಒಂದು ವಾಹನ ನಿಮ್ಮತ್ತ ತಿರುಗುತ್ತದೆ ಎಂದಷ್ಟೇ ಲೆಕ್ಕ ಹಾಕಿ. ಆಸೆಯ ಲೆಕ್ಕ ಬೇಡ.

ಬೆಳಗಿನ ಕಾಫಿ ಮಾರುವವರು ಕೆಲಸಕ್ಕೆ ಹೋಗುವವರ ಎಡಬದಿಯಲ್ಲೇ ಇರಬೇಕು. ವಾಹನ ವೇಗವಾಗಿ ಬರುವ ಜಾಗದಲ್ಲಿ ಬೋರ್ಡು ಸಾಕಷ್ಟು ಮುಂಚೆಯೇ ಕಾಣಬೇಕು. ಬೋರ್ಡು ಓದುವಷ್ಟರಲ್ಲಿ ಗಿರಾಕಿ ಮುಂದೆ ಹೋಗಿಬಿಟ್ಟಿದ್ದರೆ ಏನು ಪ್ರಯೋಜನ?

ಇನ್ನೊಂದು ಮಾತು. ನಮ್ಮಲ್ಲಿ ಡ್ರೈವರ್ ಸೀಟು ಬಲಕ್ಕೆ. ಹಾಗಾಗಿ ಕಟ್ಟಡ ಕಾರಿನ ಬಲಕ್ಕೆ ಬರುವಂತೆ ದಾರಿ ಮಾಡಿಸಬೇಕು. ಅಮೆರಿಕದ ಪ್ಲಾನ್ ಇಂಟರ್‌ನೆಟ್‌ನಲ್ಲಿ ನೋಡಿ ಹಾಗೇ ಕಟ್ಟಿಸಿದರೆ ಕಾಫಿ ಲೋಟ ಪಕ್ಕದ ಸೀಟಿನವರ ಕೈಗೆ ಹೋಗುತ್ತದೆ! ಒಂದು ಕಾರು ನಿಲ್ಲಲು ಸುಮಾರು 20 ಅಡಿ ಬೇಕು. ಐದು ಕಾರು ಸಾಲಾಗಿ ನಿಂತರೆ 100 ಅಡಿ. ಸಾಲು ರಸ್ತೆಗೆ ಬಂದರೆ ಟ್ರಾಫಿಕ್ ಪೊಲೀಸರೂ ಬರುತ್ತಾರೆ.

30x40 ಸೈಟಿನಲ್ಲಿ ಇದು ಕಷ್ಟ. ಅಂಥ ಜಾಗಕ್ಕೆ ಒಂದು ಪಾರ್ಸೆಲ್ ಕಿಟಕಿ, ಪಕ್ಕದಲ್ಲಿ ನಿಂತು ಕುಡಿಯಲು ಎರಡು ಮೇಜು ಸಾಕು. ಸ್ಕೂಟರ್‌ನವರು ಬಿಸಿ ಲೋಟ ಹಿಡಿದು ಗಾಡಿ ಓಡಿಸೋಕಾಗುತ್ತಾ? 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ದರ್ಶಿನಿಗಳು ಗೆದ್ದಿದ್ದು ಹೀಗೇ ತಾನೇ? ಚಿಕ್ಕ ಜಾಗ, ಬೇಗ ಸರ್ವಿಸ್, ನಿಂತೇ ತಿಂಡಿ.

ಲೆಕ್ಕ: ಎಷ್ಟು ಲೋಟಕ್ಕೆ ಅಸಲು?

ಪೆನ್ನು, ಕಾಗದ ತನ್ನಿ. ಕಾಫಿ 25 ರೂ. ಅಂತಿಟ್ಟುಕೊಳ್ಳಿ. ಹಾಲು, ಪುಡಿ, ಸಕ್ಕರೆ, ಲೋಟ, ಮುಚ್ಚಳ ಸೇರಿ 13 ರೂ. ಆದರೆ ಉಳಿಯುವುದು 12. ಬಾಡಿಗೆ 20 ಸಾವಿರ, ಸಹಾಯಕಿಯ ಸಂಬಳ 15 ಸಾವಿರ, ಗ್ಯಾಸು-ಕರೆಂಟು 5 ಸಾವಿರ, ಸಾಲದ ಕಂತು 5 ಸಾವಿರ. ಒಟ್ಟು 45 ಸಾವಿರ. ಅಂದರೆ ತಿಂಗಳಿಗೆ 3,750 ಲೋಟ, ದಿನಕ್ಕೆ 125 ಲೋಟ ಮಾರಿದರೆ ಅಸಲು ಮಾತ್ರ. ನಿಮ್ಮ ದುಡಿಮೆಗೆ ಇನ್ನೂ ಒಂದು ಪೈಸೆ ಸಿಕ್ಕಿಲ್ಲ! ಇದು ಉದಾಹರಣೆಯಷ್ಟೇ, ನಿಮ್ಮ ಊರಿನ ದರ ಹಾಕಿ ನೋಡಿ. ದರ ಏರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಒಂದೇ ಸಲಕ್ಕೆ ಲೀಟರಿಗೆ 4 ರೂ. ಏರಿತ್ತು.

ಈಗ ಗಡಿಯಾರ ನೋಡಿ. ಬೆಳಗಿನ ಜೋರು ವ್ಯಾಪಾರ ಮೂರು ಗಂಟೆ. ಒಂದು ವಾಹನಕ್ಕೆ ನಾಲ್ಕು ನಿಮಿಷ ಹಿಡಿದರೆ 45 ವಾಹನ ದಾಟಿಸಬಹುದು. ಎರಡೇ ನಿಮಿಷದಲ್ಲಿ ಮುಗಿಸಿದರೆ 90. ಅದೇ ಹಾಲು, ಅದೇ ಪುಡಿ, ಅದೇ ಬಾಡಿಗೆ. ವ್ಯಾಪಾರ ಮಾತ್ರ ಎರಡರಷ್ಟು.

ಮೆನು ಚಿಕ್ಕದಿದ್ದಷ್ಟೂ ಒಳ್ಳೆಯದು

ಎರಡು ನಿಮಿಷ ಹೇಗೆ ಸಾಧ್ಯ ಅಂತೀರಾ? ಮೆನು ಕಡಿಮೆ ಮಾಡಿ. ಫಿಲ್ಟರ್ ಕಾಫಿ, ಟೀ, ಬಾದಾಮಿ ಹಾಲು, ಜೊತೆಗೆ ಒಂದೇ ಕೈಯಲ್ಲಿ ಹಿಡಿದು ತಿನ್ನುವಂಥ ಖಾರಾ ಬನ್, ಮದ್ದೂರು ವಡೆ, ಕೋಡುಬಳೆ. ಇಷ್ಟು ಸಾಕು. ಮಸಾಲೆ ದೋಸೆ, ಸಾಂಬಾರ್ ಆಸೆ ಬಿಡಿ, ಸ್ಟೇರಿಂಗ್ ಮೇಲೆ ಚಟ್ನಿ ಚೆಲ್ಲಿದವರು ಮತ್ತೆ ಬರುವುದಿಲ್ಲ.

ಡಿಕಾಕ್ಷನ್ ಒಂದೇ ಸಲ ದಿನಕ್ಕಾಗುವಷ್ಟು ಇಳಿಸಬೇಡಿ, ಎರಡು ಮೂರು ಸಲ ಇಳಿಸಿ. ಅದನ್ನು ಮತ್ತೆ ಮತ್ತೆ ಕುದಿಸಿದರೆ ಕಹಿಯಾಗುತ್ತದೆ. ಬಿಸಿ ಹಾಲು ಬೇರೆ, ಡಿಕಾಕ್ಷನ್ ಬೇರೆ ಇರಲಿ. ಒಬ್ಬರು ಆರ್ಡರ್ ಮತ್ತು ಹಣ ನೋಡಿಕೊಂಡರೆ ಇನ್ನೊಬ್ಬರು ಕಾಫಿ ಬೆರೆಸಲಿ.

ಮುಚ್ಚಳದ ವಿಷಯದಲ್ಲಿ ಮಾತ್ರ ಉಳಿತಾಯ ಮಾಡಬೇಡಿ. 1992ರಲ್ಲಿ ಅಮೆರಿಕದ 79 ವರ್ಷದ ಸ್ಟೆಲ್ಲಾ ಲೀಬೆಕ್ ಎಂಬಾಕೆ ಡ್ರೈವ್-ಥ್ರೂನಲ್ಲಿ ಕೊಂಡ ಕಾಫಿಯನ್ನು ನಿಂತ ಕಾರಿನಲ್ಲಿ ಮಂಡಿಗಳ ನಡುವೆ ಇಟ್ಟುಕೊಂಡು ಮುಚ್ಚಳ ತೆಗೆಯುವಾಗ ಅದು ಚೆಲ್ಲಿ ತೀವ್ರವಾಗಿ ಸುಟ್ಟುಕೊಂಡರು. ಮೆಕ್‌ಡೊನಾಲ್ಡ್ಸ್ ವಿರುದ್ಧದ ಆ ಮೊಕದ್ದಮೆ ಜಗತ್ತಿಗೆಲ್ಲ ಗೊತ್ತಾಯಿತು. ಸಕ್ಕರೆ ನೀವೇ ಬೆರೆಸಿ, ಮುಚ್ಚಳ ಒತ್ತಿ, ಕುಡಿಯುವ ಹದಕ್ಕೆ ಆರಿಸಿ ಕೊಡಿ.

ಕಾಗದಪತ್ರ, ಸಾಲ

ಆಹಾರ ಮಾರುವವರು ಎಷ್ಟೇ ಚಿಕ್ಕವರಾಗಲಿ, ಎಫ್‌ಎಸ್‌ಎಸ್‌ಎಐ ನೋಂದಣಿ ಇಲ್ಲವೇ ಲೈಸೆನ್ಸ್ ಬೇಕೇ ಬೇಕು. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಸ್ಥಳೀಯ ಸಂಸ್ಥೆಯ ಟ್ರೇಡ್ ಲೈಸೆನ್ಸ್ ಬೇಕು. ಹೆದ್ದಾರಿ ಪಕ್ಕದ ಜಾಗವಾದರೆ ರಸ್ತೆಯಿಂದ ದಾರಿ ಬಿಡಿಸಿಕೊಳ್ಳಲು ಹೆದ್ದಾರಿ ಇಲಾಖೆಯ ಅನುಮತಿ ಬೇಕು. ಮನೆಯ ಸಿಲಿಂಡರ್ ಬಳಸುವಂತಿಲ್ಲ, 19 ಕೆ.ಜಿ.ಯ ವಾಣಿಜ್ಯ ಸಿಲಿಂಡರೇ ಆಗಬೇಕು.

ಯುಪಿಐ ಹಣದ ಲೆಕ್ಕ ಮೊದಲ ದಿನದಿಂದಲೇ ಬರೆದಿಡಿ. 2025ರ ಜುಲೈನಲ್ಲಿ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಯುಪಿಐ ವಹಿವಾಟು ಆಧರಿಸಿ ಜಿಎಸ್‌ಟಿ ನೋಟಿಸ್ ಬಂದಾಗ ಎಷ್ಟೋ ಅಂಗಡಿಯವರು ಗಾಬರಿಯಿಂದ ಕ್ಯೂಆರ್ ಕೋಡನ್ನೇ ತೆಗೆದುಹಾಕಿದರು. ಲೆಕ್ಕ ಇದ್ದವರಿಗೆ ಭಯ ಇರಲಿಲ್ಲ.

ಹಣಕ್ಕಾಗಿ ಬಳೆ ಬಿಚ್ಚುವ ಮೊದಲು ಬ್ಯಾಂಕಿನ ಮೆಟ್ಟಿಲು ಹತ್ತಿ. 2015ರಲ್ಲಿ ಬಂದ ಮುದ್ರಾ ಯೋಜನೆಯಲ್ಲಿ 'ಶಿಶು' ಸಾಲ 50 ಸಾವಿರದವರೆಗೆ, 'ಕಿಶೋರ' 5 ಲಕ್ಷದವರೆಗೆ ಇದೆ, ಅಡಮಾನ ಕೇಳುವಂತಿಲ್ಲ. ಮಹಿಳಾ ಅಭಿವೃದ್ಧಿ ನಿಗಮದ 'ಉದ್ಯೋಗಿನಿ' ಯೋಜನೆಯಲ್ಲಿ ಸಬ್ಸಿಡಿಯೂ ಉಂಟು. ನಿಮಗೆ ಅರ್ಹತೆ ಇದೆಯೇ ಎಂದು ನಿಗಮದ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಕಿಟಕಿ ತೆರೆಯುವ ಮುನ್ನ

* ಒಂದು ವಾರದ ವಾಹನ ಲೆಕ್ಕ ಕೈಯಲ್ಲಿರಲಿ.
* ಬಾಡಿಗೆ ಕರಾರು ನೋಂದಣಿಯಾಗಲಿ, ಎಷ್ಟು ವರ್ಷ ಎಂಬುದು ಸ್ಪಷ್ಟವಾಗಿರಲಿ.
* ಮೊದಲು ಬಾಡಿಗೆ ಗಾಡಿಯಲ್ಲೋ ಚಿಕ್ಕ ಕೌಂಟರಿನಲ್ಲೋ ಮೂರು ತಿಂಗಳು ಮಾರಿ ನೋಡಿ.
* ಆರು ತಿಂಗಳ ಬಾಡಿಗೆಯಷ್ಟು ಹಣ ಪಕ್ಕಕ್ಕಿಡಿ.
* ನಷ್ಟ ಎಷ್ಟಾದರೆ ನಿಲ್ಲಿಸಬೇಕು ಎಂಬುದನ್ನು ಮನೆಯವರೊಂದಿಗೆ ಮೊದಲೇ ಮಾತಾಡಿ ಬರೆದಿಡಿ.

ಆ ಗೃಹಿಣಿ ಏನಾದರು ಅಂತೀರಾ? ಎರಡು ಬಳೆ ಬಿಡಿಸಿಕೊಂಡರು, ಇನ್ನೆರಡು ಹೋದವು. ಈಗ ಬಡಾವಣೆಯ ಪಾರ್ಕಿನ ಎದುರು ಅವರದೊಂದು ಚಿಕ್ಕ ಕೌಂಟರ್ ಇದೆ. ನಾಲ್ಕೇ ಐಟಂ. ಅದನ್ನು ಹಿಡಿಯುವ ಮುಂಚೆ ಹತ್ತು ದಿನ ಬೆಳಿಗ್ಗೆ ಆರಕ್ಕೇ ಹೋಗಿ, ವಾಕಿಂಗ್ ಬರುವವರನ್ನು ಎಣಿಸಿದ್ದರಂತೆ. 'ಕಾಫಿ ಮಾಡೋದು ನಂಗೆ ಮೊದಲೇ ಗೊತ್ತಿತ್ತು ಕಣ್ರೀ, ಎಣಿಸೋದು ಕಲಿಯೋಕೆ ಎರಡು ಬಳೆ ಬೇಕಾಯ್ತು' ಅಂತ ಅವರು ನಗುತ್ತಾರೆ. ನಿಮಗೆ ಆ ಪಾಠ ಪುಕ್ಕಟೆಯಾಗಿ ಸಿಕ್ಕಿದೆ. ನಾಳೆ ಬೆಳಿಗ್ಗೆ ಒಂದು ನೋಟ್‌ಬುಕ್ ಹಿಡಿದು ರಸ್ತೆ ಬದಿಗೆ ಹೋಗಿ ನಿಲ್ಲಿ.