ಸ್ಪೀಕರ್ ಕೆಳಗಿನ ರಬ್ಬರ್ ತುಂಡು: ನಂಬಿದ್ದೆಷ್ಟು, ನಿಜವೆಷ್ಟು

ಮೈಸೂರು ಜಿಲ್ಲೆಯ ಅಂತರಸಂತೆ ಕಡೆಯ ಬಹಳಷ್ಟು ಮನೆಗಳಲ್ಲಿ ಹೋಮ್ ಥಿಯೇಟರಿಗೆ ಗೊತ್ತಾದ ಜಾಗವೆಂದರೆ ಹಾಲಿನ ಷೋಕೇಸ್. ನಡುವೆ ಟಿವಿ, ಅಕ್ಕಪಕ್ಕ ಎರಡು ಬಾಕ್ಸ್, ಕೆಳಗಿನ ಅರೆಯಲ್ಲಿ ಊಫರ್, ಮೇಲೆ ಗಾಜಿನ ಬಾಗಿಲ ಹಿಂದೆ ಮದುವೆ ಫೋಟೊ, ಸ್ಟೀಲ್ ಲೋಟ, ಮಕ್ಕಳು ಗೆದ್ದ ಕಪ್ಪು. ಹಾಡು ಜೋರಾದರೆ ಗಾಜು ಗಿರ್ರೆನ್ನುತ್ತದೆ, ಬೇಸ್ ಗುಂಯ್ಯೆಂದು ಒಂದೇ ಮುದ್ದೆಯಾಗುತ್ತದೆ. ಆಗ ಮೊದಲು ಸಿಗುವ ಸಲಹೆ: "ಕೆಳಗೆ ಪ್ಯಾಡ್ ಹಾಕಿ, ಸೌಂಡೇ ಬದಲಾಗಿಬಿಡುತ್ತೆ." ಅಂಗಡಿಯ ಪ್ಯಾಡಿಗೆ ಕೆಲವು ನೂರು ರೂಪಾಯಿಯಿಂದ ಹಲವು ಸಾವಿರದವರೆಗೂ ಬೆಲೆಯಿದೆ. ಹತ್ತಿ, ಹೊಗೆಸೊಪ್ಪು, ಶುಂಠಿ ಮಾರಿದ ದುಡ್ಡಿನಲ್ಲಿ ಸ್ಪೀಕರ್ ಕೊಂಡ ಮನೆಗೆ ಈ ಖರ್ಚನ್ನೂ ಹೊರಿಸುವ ಮೊದಲು ಆ ಪ್ಯಾಡ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ನೋಡಬೇಕು.

ಪ್ಯಾಡ್ ಸ್ಪೀಕರನ್ನು ಸುಧಾರಿಸುತ್ತದೆ ಎಂಬುದೇ ಮೊದಲ ತಪ್ಪು ಕಲ್ಪನೆ. ಕೋನ್ ಮುಂದಕ್ಕೆ ಚಿಮ್ಮಿದಾಗ ಪೆಟ್ಟಿಗೆ ಹಿಂದಕ್ಕೆ ಒದೆಸಿಕೊಳ್ಳುತ್ತದೆ, ಇದು ನ್ಯೂಟನ್ನನ ಮೂರನೆಯ ನಿಯಮ. ಆದರೆ ಎಷ್ಟು? ಕೋನ್ ಮತ್ತು ಅದರ ಸುರುಳಿಯ ತೂಕ 15 ಗ್ರಾಂ, ಪೆಟ್ಟಿಗೆಯದು 6 ಕಿಲೊ ಎಂದಿಟ್ಟುಕೊಳ್ಳಿ. ಪೆಟ್ಟಿಗೆ 400 ಪಟ್ಟು ಭಾರ. ಕೋನ್ 4 ಮಿಲಿಮೀಟರ್ ಸರಿದರೆ ಪೆಟ್ಟಿಗೆ ಸರಿಯುವುದು ಮಿಲಿಮೀಟರಿನ ನೂರರಲ್ಲೊಂದು ಪಾಲು. ಹಾಡುಗಾರನ ದನಿಯೋ ಕೊಳಲೋ ಬರುವಾಗ ಕೋನಿನ ಓಟವೇ ಬೇಸಿಗಿಂತ ಎಷ್ಟೋ ಪಾಲು ಚಿಕ್ಕದು. "ಪೆಟ್ಟಿಗೆ ಅಲುಗಾಡಿ ದನಿ ಮಸುಕಾಗುತ್ತದೆ, ಪ್ಯಾಡ್ ಅದನ್ನು ತಿಳಿಯಾಗಿಸುತ್ತದೆ" ಎಂಬ ಮಾತಿಗೆ ಇಲ್ಲಿ ಆಧಾರವಿಲ್ಲ.

ಹಾಗಾದರೆ ಆ ಗುಂಯ್ ಬರುವುದೆಲ್ಲಿಂದ? ಷೋಕೇಸಿನ ಹಲಗೆಯಿಂದ. ಶಾಲೆಯ ಪ್ರಯೋಗಾಲಯದಲ್ಲಿ ಶ್ರುತಿಕವೆಯನ್ನು ಬಡಿದು ಕೈಯಲ್ಲಿ ಹಿಡಿದರೆ ಸದ್ದು ಕ್ಷೀಣ. ಅದರ ಬುಡವನ್ನು ಮೇಜಿಗೆ ಒತ್ತಿದೊಡನೆ ಕೋಣೆಗೆಲ್ಲ ಕೇಳಿಸುತ್ತದೆ. ಕವೆಯ ಸಣ್ಣ ಅದುರನ್ನು ಮೇಜಿನ ಅಗಲವಾದ ಹಲಗೆ ಗಾಳಿಗೆ ದಾಟಿಸಿತು, ಅಷ್ಟೆ. ತೆಳು ಪ್ಲೈವುಡ್ಡಿನ ಟೊಳ್ಳು ಷೋಕೇಸ್ ಮಾಡುವುದೂ ಇದನ್ನೇ. ಅದರ ಪ್ರತಿಯೊಂದು ಹಲಗೆಗೂ ತನ್ನದೇ ಸಹಜ ಕಂಪನವಿರುತ್ತದೆ. ಹಾಡಿನಲ್ಲಿ ಆ ಆವರ್ತನ ಬಂದಾಗಲೆಲ್ಲ ಹಲಗೆ ತಾನೂ ದನಿಗೂಡಿಸುತ್ತದೆ, ಹಾಡು ಮುಂದೆ ಹೋದ ಮೇಲೂ ಕ್ಷಣಕಾಲ ಮೊಳಗುತ್ತದೆ. ಅಂದರೆ ಮನೆಯಲ್ಲಿ ಎರಡು ಬಾಕ್ಸ್ ಇವೆ ಎಂದುಕೊಂಡ ಕಡೆ ಷೋಕೇಸ್ ಮೂರನೆಯದಾಗಿ ಕೆಲಸ ಮಾಡುತ್ತಿದೆ. ಪ್ಯಾಡ್ ತಡೆಯುವುದು ಈ ಮೂರನೆಯದನ್ನು ಮಾತ್ರ.

ಹಾಗಾಗಿ ಬಾಕ್ಸ್ ಯಾವುದರ ಮೇಲಿದೆ ಎಂಬುದೇ ಇಲ್ಲಿ ನಿರ್ಣಾಯಕ. ಅಟ್ಟದ ಹಲಗೆ, ಟೊಳ್ಳು ಟೇಬಲ್ಲು, ತಗಡಿನ ಬೀರು, ಪ್ಲೈವುಡ್ ಷೋಕೇಸ್, ಇವುಗಳ ಮೇಲೆ ಪ್ಯಾಡಿನಿಂದ ಕಿವಿಗೆ ತಿಳಿಯುವಷ್ಟು ಲಾಭ ಸಿಗಬಹುದು. ಗೋಡೆಗೆ ಹೂತ ಕಡಪ ಕಲ್ಲಿನ ಮೇಲೆ, ಗಾರೆ ನೆಲದ ಮೇಲೆ ಏನೂ ಆಗುವುದಿಲ್ಲ. ಆ ಕಲ್ಲನ್ನು ನಡುಗಿಸಲು 6 ಕಿಲೊದ ಬಾಕ್ಸಿಗೆ ಶಕ್ತಿಯಿಲ್ಲ. ಅಂಥ ಕಡೆ ದುಬಾರಿ ಪ್ಯಾಡ್ ಮಾರುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ ಎಂದು ಖಚಿತವಾಗಿ ಹೇಳಬಲ್ಲೆ.

ಇದನ್ನು ದುಡ್ಡಿಲ್ಲದೆ ಪರೀಕ್ಷಿಸಬಹುದು. ಬಾಕ್ಸನ್ನು ಷೋಕೇಸಿನಿಂದ ಎತ್ತಿ, ಅದೇ ಎತ್ತರದ ಸ್ಟೂಲಿನ ಮೇಲೆ, ಷೋಕೇಸಿಗೆ ತಾಗದಂತೆ ಪಕ್ಕದಲ್ಲೇ ಇಡಿ. ಅದೇ ಹಾಡು, ಅಷ್ಟೇ ವಾಲ್ಯೂಮ್. ಗಿರ್ರೆನ್ನುವುದು ನಿಂತರೆ ಅದುರು ಹಲಗೆಯ ಮೂಲಕ ಹೋಗುತ್ತಿತ್ತು, ಪ್ಯಾಡ್ ಕೆಲಸಕ್ಕೆ ಬರುತ್ತದೆ. ಆಗಲೂ ಗಾಜು ನಡುಗಿದರೆ ಅದನ್ನು ನಡುಗಿಸುತ್ತಿರುವುದು ಗಾಳಿಯಲ್ಲಿ ಬರುವ ಬೇಸ್. ಅಂಥ ಕಡೆ ಗಾಜಿನ ಅಂಚಿಗೆ ತೆಳು ರಬ್ಬರ್ ಬೀಡಿಂಗ್ ಕೂರಿಸಬೇಕು, ಲೋಟಗಳನ್ನು ಒಂದಕ್ಕೊಂದು ತಾಗದಂತೆ ಸರಿಸಬೇಕು. ಬಾಕ್ಸಿನ ಕೆಳಗೆ ಏನಿಟ್ಟರೂ ಆ ಸದ್ದು ಹೋಗದು.

ಇನ್ನು ಮನೆಯಲ್ಲಿ ಸಿಗುವ ವಸ್ತುಗಳಿಗೆ ಬರೋಣ. ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. "ರಬ್ಬರ್ ಆದರೆ ಸಾಕು, ದೊಡ್ಡದಾಗಿ, ಗಟ್ಟಿಯಾಗಿ ಇದ್ದಷ್ಟೂ ಒಳ್ಳೆಯದು" ಎನ್ನುವವರು ಟೈರಿನ ತುಂಡನ್ನೋ ಇಡೀ ರಬ್ಬರ್ ಮ್ಯಾಟನ್ನೋ ಹಾಸುತ್ತಾರೆ. ಪ್ಯಾಡ್ ಎಂದರೆ ಸ್ಪ್ರಿಂಗ್. ಭಾರಕ್ಕೆ ಅದು ಕುಗ್ಗಬೇಕು, ಎಷ್ಟು ಕುಗ್ಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬಾಕ್ಸಿನ ಭಾರಕ್ಕೆ ಪ್ಯಾಡ್ 1 ಮಿಲಿಮೀಟರ್ ಕುಗ್ಗಿದರೆ ಆ ಜೋಡಿಯ ಸಹಜ ಕಂಪನ ಸುಮಾರು 16 ಹರ್ಟ್ಜ್. ಅದುರಿನ ಆವರ್ತನ ಇದರ ಸುಮಾರು 1.4 ಪಟ್ಟು ದಾಟಿದ ಮೇಲೆ ಪ್ಯಾಡ್ ಅದನ್ನು ತಡೆಯಲು ಶುರುಮಾಡುತ್ತದೆ. ಲೆಕ್ಕದ ಪ್ರಕಾರ 22 ಹರ್ಟ್ಜ್‌ನಿಂದ ಮೇಲೆ. ರಬ್ಬರು ವೇಗದ ಅದುರಿಗೆ ಇನ್ನಷ್ಟು ಬಿರುಸಾಗುವುದರಿಂದ ವಾಸ್ತವದಲ್ಲಿ ಸ್ವಲ್ಪ ಹೆಚ್ಚು. ಬೇಸ್ ಗಿಟಾರಿನ ಅತಿ ತಗ್ಗಿನ ಸ್ವರ 41 ಹರ್ಟ್ಜ್ ಆಸುಪಾಸಿನದು, ಹಾಗಾಗಿ ಇದು ಸಾಕು. ಅದೇ ಗಟ್ಟಿ ರಬ್ಬರ್ ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಮಾತ್ರ ಕುಗ್ಗಿತು ಎನ್ನಿ. ಸಹಜ ಕಂಪನ 50 ಹರ್ಟ್ಜ್‌ಗೆ ಏರುತ್ತದೆ, ಬೇಸಿನ ನಟ್ಟನಡುವೆ. ಆ ಜಾಗದಲ್ಲಿ ಪ್ಯಾಡ್ ಅದುರನ್ನು ತಡೆಯುವ ಬದಲು ಹೆಚ್ಚಿಸಿ ಕೊಡುತ್ತದೆ. ಪ್ಯಾಡ್ ಹಾಕಿದ ಮೇಲೆ ಬೇಸ್ ಇನ್ನೂ ಕೆಟ್ಟಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ.

ಆದ್ದರಿಂದ ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯನ್ನು ಬಳಸುವವರು ಇಡೀ ಅಟ್ಟೆಯ ಮೇಲೆ ಬಾಕ್ಸ್ ಇಡಬಾರದು. ಭಾರ ಅಗಲಕ್ಕೆ ಹಂಚಿಹೋದರೆ ಅದು ಕುಗ್ಗುವುದೇ ಇಲ್ಲ. ಒಂದೂವರೆ ಸೆಂಟಿಮೀಟರ್ ಚೌಕದ ನಾಲ್ಕು ತುಂಡು ಕತ್ತರಿಸಿ ನಾಲ್ಕು ಮೂಲೆಗೆ ಇಟ್ಟು ನೋಡಿ. ಕಣ್ಣಿಗೆ ಕಾಣುವಷ್ಟು, ಒಂದೆರಡು ಮಿಲಿಮೀಟರ್, ಕುಗ್ಗಿರಬೇಕು; ಬಾಕ್ಸ್ ಎತ್ತಿದರೆ ಮತ್ತೆ ಮೇಲೆದ್ದು ಬರಬೇಕು. ಕುಗ್ಗದಿದ್ದರೆ ಇನ್ನೂ ಚಿಕ್ಕದು ಮಾಡಿ, ಚಪ್ಪಟೆಯಾಗಿಬಿಟ್ಟರೆ ದೊಡ್ಡದು ಮಾಡಿ. ಪಾತ್ರೆ ತೊಳೆಯುವ ಹೊಸ ಸ್ಪಂಜು ಸಣ್ಣ ಬಾಕ್ಸಿಗೆ ಚೆನ್ನಾಗಿಯೇ ಹೊಂದುತ್ತದೆ, ಭಾರದ ಬಾಕ್ಸಿನಡಿ ಪೂರ್ತಿ ಅಮುಕಿಹೋಗಿ ನಿಷ್ಪ್ರಯೋಜಕ. ಥರ್ಮೋಕೋಲ್ ಶಾಖ ತಡೆಯಲು ಒಳ್ಳೆಯದು, ಬಾಕ್ಸಿನ ಭಾರಕ್ಕೆ ಬಗ್ಗದು. ಮಡಿಚಿದ ಗೋಣಿಚೀಲ ಜಾರದಂತೆ ಹಿಡಿಯುತ್ತದೆ, ಸ್ಪ್ರಿಂಗಿನ ಕೆಲಸ ಮಾಡದು.

ರೆಕಾರ್ಡ್ ಪ್ಲೇಯರ್ ಇಟ್ಟುಕೊಂಡವರ ವಿಷಯ ಬೇರೆ. ಅಲ್ಲಿ ಸೂಜಿ ರೆಕಾರ್ಡಿನ ಗೀರಿನಲ್ಲಿರುವ ಅತಿ ಸಣ್ಣ ಏರಿಳಿತವನ್ನು ಓದುತ್ತಿರುತ್ತದೆ, ಹಲಗೆಯಿಂದ ಬಂದ ಅದುರನ್ನೂ ಹಾಡೆಂದೇ ಓದುತ್ತದೆ. ಅದು ಸ್ಪೀಕರಿನಿಂದ ಹೊರಬಂದು ಮತ್ತೆ ಸೂಜಿಯನ್ನೇ ಅದುರಿಸುತ್ತದೆ. ಪ್ಯಾಡಿನ ನಿಜವಾದ ಅಗತ್ಯ ಸ್ಪೀಕರಿಗಿಂತ ಇದಕ್ಕೇ ಹೆಚ್ಚು. ಸ್ಕೂಟರ್ ಟ್ಯೂಬಿಗೆ ಸ್ವಲ್ಪವೇ ಗಾಳಿ ತುಂಬಿ, ಮೇಲೊಂದು ಭಾರದ ಹಲಗೆಯಿಟ್ಟು, ಅದರ ಮೇಲೆ ಪ್ಲೇಯರ್ ಕೂರಿಸಿದರೆ ನಡೆದಾಡುವಾಗ ಸೂಜಿ ಹಾರುವುದು ಎಷ್ಟೋ ಕಡಿಮೆಯಾಗುತ್ತದೆ.

"ಕೆಳಗೆ ಚೂಪು ಮೊಳೆ ಕೊಟ್ಟರೆ ಅದುರು ಕೆಳಗಿಳಿಯುತ್ತದೆ, ಮೇಲೆ ಹತ್ತುವುದಿಲ್ಲ" ಎಂಬ ನಂಬಿಕೆಯೂ ಇದೆ. ಲೋಹದ ಮೊಳೆ ಎರಡೂ ದಿಕ್ಕಿಗೆ ಒಂದೇ ರೀತಿ ಅದುರನ್ನು ದಾಟಿಸುತ್ತದೆ. ಅದು ಇರುವುದು ಕಾರ್ಪೆಟ್ಟನ್ನು ಚುಚ್ಚಿಕೊಂಡು ಬಾಕ್ಸ್ ಗಟ್ಟಿ ನೆಲದ ಮೇಲೆ ಅಲ್ಲಾಡದೆ ನಿಲ್ಲಲಿ ಎಂದು.

ಪಕ್ಕದ ಮನೆಯವರಿಗೆ ಕೇಳಿಸದಂತೆ ಪ್ಯಾಡ್ ತಡೆಯುತ್ತದೆ ಎಂದು ನಂಬಿದವರೂ ಇದ್ದಾರೆ. 50 ಹರ್ಟ್ಜ್‌ನ ಒಂದು ಅಲೆಯ ಉದ್ದ ಸುಮಾರು 7 ಮೀಟರ್. ಅದು ಕಿಟಕಿ, ಬಾಗಿಲು, ಹೆಂಚಿನ ಸಂದಿನಿಂದ ಗಾಳಿಯಲ್ಲೇ ದಾಟಿ ಹೋಗುತ್ತದೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೂ ಅಷ್ಟೆ. ಹಗುರ ಕಾಗದಕ್ಕೆ ಬೇಸನ್ನು ತಡೆಯುವ ತೂಕವಿಲ್ಲ, ಮೇಲಾಗಿ ಅದು ಬೇಗ ಬೆಂಕಿ ಹಿಡಿಯುವ ವಸ್ತು. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ. ಆ ಮಿತಿ ಮೀರದಿರಲು ಇರುವ ದಾರಿ ವಾಲ್ಯೂಮ್ ತಗ್ಗಿಸುವುದು.

ಇಷ್ಟೆಲ್ಲ ಹೇಳಿದ ಮೇಲೂ ಒಬ್ಬರು ಎದ್ದು "ಕಡಪ ಕಲ್ಲಿನ ಮೇಲೆ ಹಾಕಿದೆ, ವ್ಯತ್ಯಾಸ ಕೇಳಿಸಿತು" ಎನ್ನಬಹುದು. ಅವರ ಮಾತನ್ನು ತಳ್ಳಿಹಾಕಬಾರದು. ಎರಡು ಕಾರಣ ಇರಬಹುದು. ದಪ್ಪ ಪ್ಯಾಡ್ ಬಾಕ್ಸನ್ನು ಎರಡು ಇಂಚು ಎತ್ತಿದಾಗ ಎತ್ತರದ ಸ್ವರ ಹೊಮ್ಮಿಸುವ ಟ್ವೀಟರ್ ಕಿವಿಯ ಮಟ್ಟಕ್ಕೆ ಹತ್ತಿರವಾಗುತ್ತದೆ ಅಥವಾ ದೂರವಾಗುತ್ತದೆ. ಎತ್ತರದ ಸ್ವರಗಳು ನಿಜಕ್ಕೂ ಬದಲಾಗುತ್ತವೆ. ಅದು ಎತ್ತರ ಮಾಡಿದ ಕೆಲಸ, ರಬ್ಬರ್ ಮಾಡಿದ್ದಲ್ಲ. ಚಾಪೆಯ ಮೇಲೆ ಕೂತು ಟಿವಿ ನೋಡುವ ಮನೆಗಳಲ್ಲಿ ಬಾಕ್ಸ್ ತಲೆಗಿಂತ ಮೇಲಿರುತ್ತದೆ. ಹಿಂಭಾಗಕ್ಕೆ ಒಂದು ತುಂಡು ಹಲಗೆ ಕೊಟ್ಟು ಮುಂಭಾಗವನ್ನು ಕೆಳಗೆ ಬಾಗಿಸಿದರೆ ಮಾತು ಸ್ಪಷ್ಟವಾಗುತ್ತದೆ.

ಇನ್ನೊಂದು ಕಾರಣ ಮನಸ್ಸು. ಮೈಸೂರಿಗೆ ರೇಡಿಯೊ ತಂದ ಡಾ. ಎಂ.ವಿ. ಗೋಪಾಲಸ್ವಾಮಿ ಮನಃಶಾಸ್ತ್ರದ ಪ್ರಾಧ್ಯಾಪಕರು. 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದರು. ಧ್ವನಿಯ ವಿಷಯ ಯಂತ್ರದಷ್ಟೇ ಮನಸ್ಸಿನದೂ ಹೌದೆಂಬುದು ನಮ್ಮ ಸೀಮೆಗೆ ಹೊಸತಾಗಬಾರದು. 1994ರಲ್ಲಿ ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಒಂದು ಪ್ರಯೋಗ ಪ್ರಕಟಿಸಿದರು. ಅದೇ ಕೇಳುಗರು, ಅದೇ ಸ್ಪೀಕರುಗಳು. ಕಣ್ಣಿಗೆ ಕಾಣುವಂತಿಟ್ಟಾಗ ಕೊಟ್ಟ ಅಂಕಗಳು ಒಂದು, ಮರೆಯಲ್ಲಿಟ್ಟಾಗ ಕೊಟ್ಟವು ಇನ್ನೊಂದು. ಅನುಭವಿ ಕೇಳುಗರೂ ಇದಕ್ಕೆ ಹೊರತಾಗಿರಲಿಲ್ಲ. ನಿಮ್ಮ ಮನೆಯಲ್ಲೂ ಬಾಕ್ಸಿನ ಮುಂದೆ ತೆಳು ಬಟ್ಟೆ ಇಳಿಬಿಟ್ಟು, ಪ್ಯಾಡ್ ಇದೆಯೋ ಇಲ್ಲವೋ ಹೇಳದೆ ಬದಲಿಸಲು ಮನೆಯ ಒಬ್ಬರಿಗೆ ಒಪ್ಪಿಸಿ, ಹತ್ತು ಸಲ ಊಹಿಸಿ ಬರೆದುಕೊಳ್ಳಿ. ಎತ್ತರ ಮಾತ್ರ ಬದಲಾಗದಂತೆ ನೋಡಿಕೊಳ್ಳಿ.

ನಿಜವಾಗಿ ದೊಡ್ಡ ಬದಲಾವಣೆ ಬೇಕೆಂದರೆ ಬಾಕ್ಸನ್ನು ಸರಿಸಿ. ಮೂಲೆಗೆ ತಳ್ಳಿದ ಊಫರಿನ ಬೇಸನ್ನು ಎರಡು ಗೋಡೆ, ನೆಲ ಸೇರಿ ಉಬ್ಬಿಸುತ್ತವೆ. ಮೂಲೆಯಿಂದ ಎರಡಡಿ ಈಚೆಗೆ ತಂದರೂ ಗುಂಯ್ ಇಳಿಯುತ್ತದೆ. ಅರೆಯ ಒಳಗೆ ಹುದುಗಿದ ಬಾಕ್ಸನ್ನು ಅಂಚಿಗೆ ತನ್ನಿ. ಬಾಕ್ಸ್ ಹಿಂದಿನ ಗೋಡೆಯಿಂದ 1 ಮೀಟರ್ ದೂರವಿದ್ದರೆ ಮರಳಿಬರುವ ಅಲೆ ಎದುರಾಗಿ ಸುಮಾರು 86 ಹರ್ಟ್ಜ್‌ನಲ್ಲಿ ಸದ್ದು ತಗ್ಗುತ್ತದೆ. ಗೋಡೆಗೆ ಹತ್ತಿರವಾದಂತೆ ಆ ತಗ್ಗು ಮೇಲಿನ ಸ್ವರಗಳಿಗೆ ಜರುಗುತ್ತದೆ. ಒಂದು ಗೇಣು ಸರಿಸಿದರೂ ಕಿವಿಗೆ ತಿಳಿಯುವುದು ಇದಕ್ಕೇ. ಆರ್‌ಸಿಸಿ ಮನೆಯ ಬರಿಯ ಗೋಡೆಗಳ ನಡುವೆ ಕಟ್ಟಿದ ಬಟ್ಟೆಯ ಪರದೆ, ಹಾಸಿದ ಜಮಖಾನೆ ಮಾತಿನ ಪ್ರತಿಧ್ವನಿಯನ್ನು ತಗ್ಗಿಸುತ್ತವೆ.

ಮನೆಯ ತುಂಡುಗಳನ್ನೇ ಹಾಕುವವರಿಗೆ ಇನ್ನೂ ಕೆಲವು ಎಚ್ಚರ. ಕೆಳಮುಖವಾಗಿ ಗಾಳಿ ಬಿಡುವ ಊಫರಿಗೆ ಅದರ ಕಾಲುಗಳ ಎತ್ತರ ಬೇಕು, ತೂತು ಮುಚ್ಚುವಂತೆ ಸ್ಪಂಜು ಹಾಸಬೇಡಿ. ಉದ್ದ ಬಾಕ್ಸನ್ನು ಮೆತ್ತನೆಯ ತುಂಡುಗಳ ಮೇಲೆ ನಿಲ್ಲಿಸಿದರೆ ಮಗು ತಾಗಿದರೂ ಉರುಳಬಹುದು, ಹಿಂದಿನಿಂದ ಗೋಡೆಗೆ ದಾರ ಕಟ್ಟಿ. ರಬ್ಬರ್ ಪಾಲಿಶ್ ಹಲಗೆಯ ಮೇಲೆ ಕಲೆ ಬಿಡುತ್ತದೆ, ನಡುವೆ ಒಂದು ಹಾಳೆ ಇರಲಿ. ಸ್ಪಂಜು ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ಆಗಾಗ ಎತ್ತಿ ನೋಡಿ, ಬದಲಿಸಿ.