ಎಂತ ಕೊಡ್ಲಿ ಮೇಷ್ಟ್ರೇ?

ಕೊಪ್ಪದ ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಹೋಟೆಲಿನಲ್ಲಿ ಬೆಳಿಗ್ಗೆ ಕುಳಿತಿದ್ದೆ. ಸಪ್ಲಾಯರ್ ಬಂದು ಒಂದೇ ಉಸಿರಿಗೆ, "ಇಡ್ಲಿ, ವಡೆ, ಕಡುಬು, ನೀರುದೋಸೆ, ಬನ್ಸ್, ಪಲಾವ್, ಅವಲಕ್ಕಿ... ಎಂತ ಕೊಡ್ಲಿ ಮೇಷ್ಟ್ರೇ?" ಎಂದ. ಪಕ್ಕದ ಮೇಜಿನಲ್ಲಿದ್ದ ಇಬ್ಬರು ಕಾಲೇಜು ಹುಡುಗರು ಪಟ್ಟಿಯನ್ನೆಲ್ಲ ಕೇಳಿಸಿಕೊಂಡು, "ಗೋಬಿ ಇಲ್ವಾ?" ಎಂದರು. "ಗೋಬಿ ಸಂಜೆಗೆ" ಎಂಬ ಉತ್ತರ ಬಂತು. ಹುಡುಗರು ಎರಡು ಟೀ ಕುಡಿದು ಎದ್ದುಹೋದರು.

ನನಗೆ ಹಳೆಯದೊಂದು ಬೆಳಗು ನೆನಪಾಯಿತು. ಪ್ರಾರ್ಥನೆಯ ಹೊತ್ತಿನಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸಾಲಿನಲ್ಲೇ ಕುಸಿದು ಬಿದ್ದಳು. ಏಳು ಗಂಟೆಯ ಬಸ್ಸು ಹಿಡಿದು ಬರುವವಳು. ಮನೆಯಲ್ಲಿ ತಿಂಡಿ ಆಗಿರುವುದಿಲ್ಲವೆಂದು ತಾಯಿ ದಿನವೂ ದುಡ್ಡು ಕೊಟ್ಟು ಕಳಿಸುತ್ತಿದ್ದರು. ಅವಳು ಟೀ, ಬಿಸ್ಕತ್ತಿನಲ್ಲೇ ಮುಗಿಸುತ್ತಿದ್ದಳು. ಪರೀಕ್ಷೆ ಮಾಡಿಸಿದಾಗ ರಕ್ತಹೀನತೆ ಎಂದು ಗೊತ್ತಾಯಿತು. ಅದರ ಹಿಂದಿನ ವಾರವಷ್ಟೇ ನಾನು ಹಿಮೋಗ್ಲೋಬಿನ್ ಪಾಠ ಮಾಡಿದ್ದೆ. ಹೋಟೆಲಿಗೆ ಹೋದರೆ ಏನು ಕೇಳಬೇಕೆಂದು ಮಾತ್ರ ಹೇಳಿರಲಿಲ್ಲ. ಆ ಬಾಕಿ ಪಾಠವನ್ನು ಈಗ ಮುಗಿಸುತ್ತಿದ್ದೇನೆ.

ಮೊದಲು ಹಬೆ ನೋಡಿ

ಹೋಟೆಲಿಗೆ ಹೋದ ತಕ್ಷಣ ಕೇಳಬೇಕಾದ ಪ್ರಶ್ನೆ ಒಂದೇ: "ಈಗ ಬಿಸಿ ಯಾವುದಿದೆ?" ಆಹಾರ ಕೆಡಿಸುವ ಹೆಚ್ಚಿನ ಬ್ಯಾಕ್ಟೀರಿಯಾಗಳು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಚೆನ್ನಾಗಿ ಬೆಳೆಯುತ್ತವೆ. ಹಬೆಯಿಂದ ಆಗ ತಾನೇ ಇಳಿದ ಕಡುಬಿನಲ್ಲಿ ಅವಕ್ಕೆ ಜಾಗವಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿವೆ. ಇಲ್ಲಿ ನೀರು 97-98 ಡಿಗ್ರಿಗೇ ಕುದಿಯುತ್ತದೆ. ಆದರೂ ಅಷ್ಟು ಶಾಖ ಧಾರಾಳವಾಗಿ ಸಾಕು.

ಸ್ಪೇನ್ ದೇಶದ ಉತ್ತರಕ್ಕಿರುವ ಬಾಸ್ಕ್ ನಾಡಿನಲ್ಲಿ 'ಪಿಂಚೋ' ಎಂಬ ತಿಂಡಿ ಇದೆ. ಬ್ರೆಡ್ಡಿನ ಚೂರಿನ ಮೇಲೆ ಏನಾದರೊಂದು ಇಟ್ಟು ಕಡ್ಡಿ ಚುಚ್ಚಿರುತ್ತಾರೆ. ಅಲ್ಲಿಯ ಜನ ಒಂದು ಅಂಗಡಿಯಲ್ಲಿ ಅದರ ಹೆಸರುವಾಸಿ ತಿಂಡಿಯನ್ನಷ್ಟೇ ತಿಂದು ಮುಂದಿನ ಅಂಗಡಿಗೆ ಹೋಗುತ್ತಾರೆ. ಇದರಲ್ಲಿ ನಮಗೂ ಪಾಠವಿದೆ. ಯಾವ ತಿಂಡಿಗೆ ಒಂದು ಹೋಟೆಲು ಹೆಸರಾಗಿದೆಯೋ ಅದು ಬೇಗ ಖರ್ಚಾಗುತ್ತದೆ. ಬೇಗ ಖರ್ಚಾಗುವುದು ಹಳಸುವುದಿಲ್ಲ.

ಅಕ್ಕಿಗೊಂದು ಜೊತೆ

ನಮ್ಮ ಕಡೆಯ ಕಡುಬು, ನೀರುದೋಸೆ, ಅಕ್ಕಿರೊಟ್ಟಿ ಎಲ್ಲವೂ ಅಕ್ಕಿಯವೇ. ಹೊಟ್ಟೆಗೆ ಹಗುರ, ಜೇಬಿಗೂ ಹಗುರ. ಆದರೆ ಬರೀ ಪಿಷ್ಟವಾದ್ದರಿಂದ ಮೂರನೇ ಪೀರಿಯಡ್ಡಿಗೇ ಮತ್ತೆ ಹಸಿವು. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ; ಬೇಳೆಕಾಳುಗಳಲ್ಲಿ ಅದು ಸಾಕಷ್ಟಿದೆ. ಬೇಳೆಕಾಳಿನಲ್ಲಿ ಕೊರತೆಯಿರುವ ಮೆಥಿಯೊನಿನ್ ಅಕ್ಕಿಯಲ್ಲಿದೆ. ಆದ್ದರಿಂದ ಕಡುಬಿನ ಜೊತೆ ಚಟ್ನಿ ಸಾಲದು, ಕಡ್ಲೆ ಉಸ್ಲಿಯನ್ನೋ ಕಾಳಿನ ಪಲ್ಯವನ್ನೋ ಕೇಳಿ. ಅದಿಲ್ಲದಿದ್ದರೆ ಇಡ್ಲಿ-ಸಾಂಬಾರ್ ಆಗಬಹುದು. ಅಕ್ಕಿ ಮತ್ತು ಉದ್ದು ಹಿಟ್ಟಿನಲ್ಲೇ ಜೊತೆಯಾಗಿರುತ್ತವೆ. ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಬಿಡುವ ಅನಿಲದಿಂದ ಆ ಹಿಟ್ಟು ಉಬ್ಬುತ್ತದೆ. ಆಷಾಢದ ಚಳಿಯಲ್ಲಿ ಇದರ ಕೆಲಸ ನಿಧಾನ. ಹಿಟ್ಟಿನ ಪಾತ್ರೆಯನ್ನು ಒಲೆಯ ಹತ್ತಿರ ಇಡುವುದು ಅದಕ್ಕೇ.

ಎಣ್ಣೆ ಮತ್ತು ಬಣ್ಣ

ಮಳೆ ಹೊಯ್ಯುವಾಗ ಗೋಳಿಬಜೆ, ಬನ್ಸ್ ಬೇಡವೆನ್ನಲು ನನಗೂ ಬಾಯಿ ಬರುವುದಿಲ್ಲ. ಅಪರೂಪಕ್ಕೆ ತಿನ್ನಿ, ಆದರೆ ಮೊದಲು ಬಾಣಲೆ ನೋಡಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕಪ್ಪಾಗಿ, ಅಂಟಂಟಾಗಿ, ನೊರೆಯೇಳುತ್ತದೆ. ಅದರಲ್ಲಿ 'ಪೋಲಾರ್' ಸಂಯುಕ್ತಗಳು ಶೇಕಡಾ 25 ದಾಟಿದರೆ ಬಳಸಬಾರದೆಂದು 2018ರಿಂದ ದೇಶದಲ್ಲಿ ನಿಯಮವಿದೆ. ಅದನ್ನು ಅಳೆಯುವ ಯಂತ್ರ ನಮ್ಮ ಬಳಿ ಇಲ್ಲ, ಕಣ್ಣು ಮೂಗು ಇವೆಯಲ್ಲ!

ಇನ್ನು ಗೋಬಿ. ಹೂಕೋಸಿನ ತಪ್ಪೇನಿಲ್ಲ, ತಪ್ಪು ಬಣ್ಣದ್ದು. 2024ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದಕ್ಕೂ ಮೊದಲು ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಬಟ್ಟೆಗೆ ಹಾಕುವ ಬಣ್ಣವಾದ ರೋಡಮಿನ್-ಬಿ ಕೂಡ ಸಿಕ್ಕಿತ್ತು. ಬೇಕೇ ಬೇಕೆಂದರೆ, ತಿಂದ ಬೆರಳಿಗೆ ಕೆಂಪು ಅಂಟುವ ಗೋಬಿಯನ್ನಾದರೂ ಬಿಡಿ.

ಮಧ್ಯಾಹ್ನದ ಊಟ

ಮಧ್ಯಾಹ್ನ ಅದೇ ದುಡ್ಡಿಗೆ ಫ್ರೈಡ್ ರೈಸ್ ಬದಲು ಊಟ ಹೇಳಿ. ಅನ್ನ, ಸಾರು, ಪಲ್ಯ, ಮಜ್ಜಿಗೆ, ಅದೃಷ್ಟವಿದ್ದರೆ ಒಂದೆಲಗದ ತಂಬುಳಿ. ನಿಂಬೆ ಹಿಂಡಿದ ಹೆಸರುಬೇಳೆ ಕೋಸಂಬರಿ ಬಿಡಬೇಡಿ. ಸಸ್ಯಾಹಾರದ ಕಬ್ಬಿಣ ಸುಲಭವಾಗಿ ರಕ್ತ ಸೇರುವುದಿಲ್ಲ, ನಿಂಬೆಯ 'ಸಿ' ಜೀವಸತ್ವ ಅದಕ್ಕೆ ನೆರವಾಗುತ್ತದೆ. ಟೀ, ಕಾಫಿ ಇದಕ್ಕೆ ವಿರುದ್ಧ ಕೆಲಸ ಮಾಡುತ್ತವೆ. ಅವುಗಳಲ್ಲಿರುವ ಪಾಲಿಫಿನಾಲುಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಊಟ-ತಿಂಡಿಗೂ ಟೀಗೂ ನಡುವೆ ಒಂದು ಗಂಟೆಯಾದರೂ ಅಂತರವಿರಲಿ. ಕಾಫಿ ಸೀಮೆಯವನೇ ಹೀಗೆ ಹೇಳುತ್ತಾನಲ್ಲ ಎನ್ನಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ.

ಮಳೆಗಾಲದಲ್ಲಿ ಪತ್ರೊಡೆ ಸಿಕ್ಕರೆ ಬಿಡಬಾರದು. ಕೆಸುವಿನ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ, ಗಂಟಲು ಕೆರೆತಕ್ಕೆ ಅವೇ ಕಾರಣ. ಹುಣಸೆಹುಳಿ ಮತ್ತು ಬಹಳ ಹೊತ್ತಿನ ಹಬೆ ಸೇರಿ ಅದನ್ನು ತಗ್ಗಿಸುತ್ತವೆ. ಕಳಲೆಯನ್ನು ನೀರು ಬದಲಾಯಿಸುತ್ತ ನೆನೆಸಿ ಬೇಯಿಸುವುದೂ ಅದರಲ್ಲಿರುವ ಸಯನೈಡ್ ಅಂಶ ತೆಗೆಯಲಿಕ್ಕೆ. ರಸಾಯನಶಾಸ್ತ್ರ ಓದದ ನಮ್ಮ ಅಜ್ಜಿಯಂದಿರಿಗೆ ಇದೆಲ್ಲ ಗೊತ್ತಿತ್ತು. ಕುಡಿಯಲು ಬಿಸಿನೀರೇ ಕೇಳಿ. ನಮ್ಮ ಕಡೆ ಅದನ್ನು ಕೇಳಿದರೆ ಯಾರೂ ಬೇಸರ ಪಡುವುದಿಲ್ಲ.

ಪೋಷಕರಿಗೆ ಒಂದು ಮಾತು. ಮಗುವಿನ ಕೈಗೆ ದುಡ್ಡು ಕೊಟ್ಟರೆ ಅರ್ಧ ಕೆಲಸವಷ್ಟೇ ಆಯಿತು. ಸಂಜೆ ಮನೆಗೆ ಬಂದಾಗ "ಎಷ್ಟು ಉಳೀತು?" ಎಂದು ಕೇಳುವ ಮೊದಲು "ಎಂತ ತಿಂದೆ?" ಎಂದು ಕೇಳಿ. ಆ ಹುಡುಗಿ ಉಳಿಸಿದ ಚಿಲ್ಲರೆಯನ್ನು ತಾಯಿಗೇ ವಾಪಸು ಕೊಡುತ್ತಿದ್ದಳೆಂದು ನಮಗೆ ಆಮೇಲೆ ತಿಳಿಯಿತು.

ಅಂದಹಾಗೆ, ಆವತ್ತು ನಾನು ಎರಡು ಕಡುಬು ಮತ್ತು ಕಡ್ಲೆ ಉಸ್ಲಿ ತಿಂದೆ. ಬಿಲ್ಲು ಒಂದು ಪ್ಲೇಟ್ ಗೋಬಿಗಿಂತ ಕಡಿಮೆಯೇ ಆಯಿತು.